ವಿಮಾನದ ಸದ್ದು: ದೂರು ಕೊಡುವ ಕಾಲ ಯಾವುದು?

ಪ್ರಶ್ನೆ: ನಾನು ದಾವಣಗೆರೆ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನಮ್ಮ ಕಡೆ ವಿಮಾನ ನಿಲ್ದಾಣ ಬರುತ್ತದೆ ಎಂದು ಹೇಳಿಕೊಂಡು ಹೊಸ ಬಡಾವಣೆಯವರು ನಿವೇಶನ ಮಾರುತ್ತಿದ್ದಾರೆ. ನನ್ನ ಮಗ ಒಂದು ನಿವೇಶನಕ್ಕೆ ಮುಂಗಡ ಕೊಡಲು ಹೊರಟಿದ್ದಾನೆ. ಹೋದ ತಿಂಗಳು ದೊಡ್ಡ ನಗರವೊಂದರಲ್ಲಿ ವಿಮಾನ ನಿಲ್ದಾಣದ ಹತ್ತಿರ ಇರುವ ತಂಗಿಯ ಮನೆಯಲ್ಲಿ ಎಂಟು ದಿನ ಇದ್ದು ಬಂದೆ. ರಾತ್ರಿ ಎರಡಕ್ಕೆ, ಮೂರಕ್ಕೆ ಎದ್ದು ಕೂರುವಂತಾಯಿತು. ಭಾವಮೈದುನ ಹತ್ತಾರು ಸಲ ದೂರು ಕೊಟ್ಟಿದ್ದಾನೆ. ‘ಶಬ್ದ ಮಿತಿಯೊಳಗೇ ಇದೆ’ ಎಂಬ ಒಂದೇ ಉತ್ತರ ಬರುತ್ತದಂತೆ. ನಾಳೆ ನಮ್ಮ ಊರಿಗೂ ಇದೇ ಗತಿಯೇ? ದೂರು ಕೊಟ್ಟರೆ ಪ್ರಯೋಜನ ಉಂಟೇ? ಯಾರಿಗೆ ಕೊಡಬೇಕು?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಮಿತಿಯೊಳಗೇ ಇದೆ’ ಎಂಬ ಆ ಮಾತು. ಆ ಅಧಿಕಾರಿ ಸುಳ್ಳು ಹೇಳಿರಲಾರರು. ಅವರ ಲೆಕ್ಕವೂ ನಿಜ, ನಿಮಗೆ ನಿದ್ದೆ ಕೆಟ್ಟಿದ್ದೂ ನಿಜ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂಬುದು ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ದೇಶದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಆದರೆ ವಿಮಾನ ನಿಲ್ದಾಣಗಳ ಸುತ್ತಲಿನ ಶಬ್ದ ವಲಯಕ್ಕೆ ಕೇಂದ್ರ ಪರಿಸರ ಸಚಿವಾಲಯ 2018ರಲ್ಲಿ ಬೇರೆಯೇ ಮಾನದಂಡ ಹೊರಡಿಸಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಸಲ ವಿಮಾನಗಳು ಏರಿಳಿಯುವ ನಿಲ್ದಾಣಗಳ ಸುತ್ತ ಹಗಲು 70, ರಾತ್ರಿ 65 ಡೆಸಿಬೆಲ್. ಚಿಕ್ಕ ನಿಲ್ದಾಣಗಳ ಸುತ್ತ ಹಗಲು 65, ರಾತ್ರಿ 60. ಸಾಮಾನ್ಯ ಬೀದಿಯ ರಾತ್ರಿಯ ಮಿತಿಗೂ ದೊಡ್ಡ ನಿಲ್ದಾಣದ ಪಕ್ಕದ ರಾತ್ರಿಯ ಮಿತಿಗೂ 20 ಡೆಸಿಬೆಲ್ ಅಂತರ. ಡೆಸಿಬೆಲ್ ಎಂಬುದು ಸೇರು–ಪಾವಿನಂತೆ ಕೂಡಿಸುವ ಅಳತೆಯಲ್ಲ. ಹತ್ತು ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. ಕಿವಿಗೆ ಮಾತ್ರ ಪ್ರತಿ ಹತ್ತಕ್ಕೂ ಸದ್ದು ಸುಮಾರು ಎರಡರಷ್ಟು ಜೋರಾದಂತೆ ಕೇಳಿಸುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಈ ಮಿತಿಗಳೆಲ್ಲ ಸರಾಸರಿಯ ಮಿತಿಗಳು. ಒಂದು ಲೆಕ್ಕ ಮಾಡೋಣ. ರಾತ್ರಿ ಎರಡು ಗಂಟೆಗೆ ಒಂದೇ ಒಂದು ವಿಮಾನ ನಿಮ್ಮ ತಂಗಿಯ ಮನೆಯ ಮೇಲೆ ಹಾದುಹೋಯಿತು ಎಂದುಕೊಳ್ಳಿ. ಇಪ್ಪತ್ತು ಸೆಕೆಂಡ್ ಕಾಲ 80 ಡೆಸಿಬೆಲ್ ಸದ್ದು. ಎಂಟು ಗಂಟೆಯ ರಾತ್ರಿಯಲ್ಲಿ 28,800 ಸೆಕೆಂಡ್‌ಗಳಿವೆ. ಆ ಇಪ್ಪತ್ತು ಸೆಕೆಂಡಿನ ಶಕ್ತಿಯನ್ನು ಇಡೀ ರಾತ್ರಿಗೆ ಹರಡಿದರೆ ಸರಾಸರಿ ಬರುವುದು ಸುಮಾರು 48 ಡೆಸಿಬೆಲ್. ಅಂಥ ಐದು ವಿಮಾನಗಳು ಹಾದುಹೋದರೂ ಸರಾಸರಿ 55ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಿತಿ 65. ಕಾಗದದ ಮೇಲೆ ಊರು ಪ್ರಶಾಂತವಾಗಿದೆ. ಆದರೆ ಐದು ಸಲವೂ ಎದ್ದು ಕೂತವರಿಗೆ ಬೆಳಗಾಗುವವರೆಗೆ ನಿದ್ದೆ ಬಂದಿರುವುದಿಲ್ಲ. ತೊಟ್ಟಿಲಿನ ಮಗು, ಔಷಧಿ ಕುಡಿದು ಮಲಗಿದ ಅಜ್ಜಿ, ಬೆಳಗಿನ ಪಾಳಿಗೆ ಹೋಗಬೇಕಾದವರು, ಯಾರೂ ಸರಾಸರಿಗೆ ಎಚ್ಚರಗೊಳ್ಳುವುದಿಲ್ಲ. ಒಂದೊಂದು ವಿಮಾನಕ್ಕೆ ಎಚ್ಚರಗೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಹೊರತಂದ ಮಾರ್ಗಸೂಚಿ ರಾತ್ರಿಯ ವಿಮಾನ ಶಬ್ದ ಸರಾಸರಿ 40 ಡೆಸಿಬೆಲ್‌ಗಿಂತ ಕೆಳಗಿರಬೇಕು ಎನ್ನುತ್ತದೆ. ನಮ್ಮ ಮಿತಿ ಅದಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ನೀವೇ ನೋಡಬಹುದು.

ಕೆಲವು ವರ್ಷಗಳ ಹಿಂದೆ ರನ್‌ವೇಯ ನೇರಕ್ಕಿದ್ದ ಒಂದು ಸರ್ಕಾರಿ ಶಾಲೆಯಲ್ಲಿ ಶಬ್ದಮಾಪಕ ಇಟ್ಟುಕೊಂಡು ಕೂತಿದ್ದೆ. ನಾಲ್ಕನೇ ತರಗತಿ, ಉಕ್ತಲೇಖನದ ಹೊತ್ತು. ಟೀಚರ್ ವಾಕ್ಯ ಹೇಳುತ್ತಾ ಹೇಳುತ್ತಾ ಕೈ ಮೇಲೆತ್ತಿದರು. ನನಗಿನ್ನೂ ಏನೂ ಕೇಳಿಸಿರಲಿಲ್ಲ. ಮಕ್ಕಳೆಲ್ಲ ಪೆನ್ಸಿಲ್ ನಿಲ್ಲಿಸಿದರು. ಆಮೇಲೆ ಸದ್ದು ಬಂತು, ಕಿಟಕಿಯ ಸರಳಿಗೆ ಸಿಕ್ಕಿಸಿದ್ದ ತಗಡಿನ ತುಂಡು ನಡುಗಿತು, ಹೋಯಿತು. ನನ್ನ ಪಕ್ಕದ ಹುಡುಗಿಯ ಪುಸ್ತಕದಲ್ಲಿ ‘ಸಂಕ್ರಾಂ’ ಎಂದು ನಿಂತ ಪದ ಹಾಗೇ ನಿಂತಿತ್ತು. ಟೀಚರ್ ಕೈ ಇಳಿಸಿ ವಾಕ್ಯವನ್ನು ಮೊದಲಿನಿಂದ ಹೇಳಿದರು. ಹುಡುಗಿ ‘ತಿ’ ಬರೆಯುವುದನ್ನು ಮರೆತು ಮುಂದಿನ ಪದಕ್ಕೆ ಹೋದಳು. ಆ ಗಂಟೆಯ ಸರಾಸರಿ ನನ್ನ ಮಾಪಕದಲ್ಲಿ ಮಿತಿಯೊಳಗೇ ಇತ್ತು. ನಲವತ್ತು ವರ್ಷ ಪಾಠ ಹೇಳಿದ ನಿಮಗೆ ಆ ಬಿಟ್ಟುಹೋದ ‘ತಿ’ ಏನೆಂದು ನಾನು ವಿವರಿಸಬೇಕಾಗಿಲ್ಲ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ 1992ರಲ್ಲಿ ಹಳೆಯ ವಿಮಾನ ನಿಲ್ದಾಣ ಮುಚ್ಚಿ, ಬೇರೆ ಜಾಗದಲ್ಲಿ ಹೊಸದು ತೆರೆಯಿತು. ಸಂಶೋಧಕರು ಎರಡೂ ಕಡೆಯ ಮಕ್ಕಳನ್ನು ಮೊದಲೂ ಆಮೇಲೂ ಪರೀಕ್ಷಿಸಿದರು. ಹಳೆಯ ನಿಲ್ದಾಣದ ಪಕ್ಕದ ಮಕ್ಕಳ ಓದು ಮತ್ತು ನೆನಪು ಸುಧಾರಿಸಿದವು. ಹೊಸ ನಿಲ್ದಾಣದ ಪಕ್ಕದ ಮಕ್ಕಳದು ಕುಗ್ಗಿತು. ಲಂಡನ್, ಆಮ್‌ಸ್ಟರ್‌ಡ್ಯಾಮ್, ಮ್ಯಾಡ್ರಿಡ್ ನಿಲ್ದಾಣಗಳ ಸುತ್ತಲಿನ ಶಾಲೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೂ ವಿಮಾನದ ಸದ್ದು ಹೆಚ್ಚಿದಷ್ಟೂ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಕುಂದುವುದನ್ನು ತೋರಿಸಿತು. ಮ್ಯೂನಿಕ್‌ನ ಸಂಗತಿಯಲ್ಲಿ ನನಗೆ ಸಮಾಧಾನ ತರುವ ಅಂಶವೆಂದರೆ, ಸದ್ದು ಹೋದ ಮೇಲೆ ಮಕ್ಕಳು ಚೇತರಿಸಿಕೊಂಡರು.

ಈಗ ನಿಮ್ಮ ಊರಿಗೆ ಬರೋಣ. ದಾವಣಗೆರೆಯವರಿಗೆ ಸದ್ದು ಹೊಸದಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ಊರಿಗೆ ಊರೇ ಸೈರನ್ನಿಗೆ ಎದ್ದು, ಸೈರನ್ನಿಗೆ ಊಟ ಮಾಡಿದೆ. ಅಶೋಕ ರಸ್ತೆಯ ರೈಲ್ವೆ ಗೇಟಿನ ಬಳಿ ಬೆಳೆದವರಿಗೆ ರೈಲಿನ ಸಿಳ್ಳೆ ಲಾಲಿ ಹಾಡಿನ ಹಾಗೆ. ಹೆದ್ದಾರಿಯ ಲಾರಿ, ಮಂಡಕ್ಕಿ ಭಟ್ಟಿಯ ಸದ್ದು, ಇವಕ್ಕೆಲ್ಲ ಹೊಂದಿಕೊಂಡವರು ವಿಮಾನಕ್ಕೂ ಹೊಂದಿಕೊಳ್ಳುತ್ತಾರೆ ಎಂದು ವಾದಿಸುವವರನ್ನು ನಾನು ನೋಡಿದ್ದೇನೆ. ಈ ವಾದದಲ್ಲಿ ಎರಡು ದೋಷಗಳಿವೆ. ಗಿರಣಿಯ ಸದ್ದು ಒಂದೇ ಸಮ ಇರುತ್ತದೆ, ಕಿವಿ ಅದನ್ನು ಹಿನ್ನೆಲೆಗೆ ತಳ್ಳಿಬಿಡುತ್ತದೆ. ವಿಮಾನದ ಸದ್ದು ಮೌನದೊಳಗಿಂದ ಏರಿ ಬರುತ್ತದೆ. ಭದ್ರಾ ನಾಲೆಯ ಕೆಳಗಿನ ಹಳ್ಳಿಯಲ್ಲಿ ಕಪ್ಪೆಗಳು ಸುಮ್ಮನಾದ ಮೇಲೆ ರಾತ್ರಿಯ ಸದ್ದು 35 ಡೆಸಿಬೆಲ್ ಇದ್ದೀತು. ಅಲ್ಲಿ 75 ಎಂದರೆ ಸಿಡಿಲೇ. ಎರಡನೆಯದಾಗಿ, ರಸ್ತೆಯ ಸದ್ದಿಗೆ ಗೋಡೆ ಅಡ್ಡ ಬರುತ್ತದೆ, ಹಿಂದಿನ ಕೋಣೆಯಲ್ಲಿ ಮಲಗಬಹುದು. ವಿಮಾನದ ಸದ್ದು ನೆತ್ತಿಯ ಮೇಲಿಂದ ಬರುತ್ತದೆ. ಅದಕ್ಕೆ ಮನೆಯ ಹಿಂಭಾಗವೂ ಇಲ್ಲ, ಮುಂಭಾಗವೂ ಇಲ್ಲ. ಕಾಂಪೌಂಡ್ ಗೋಡೆ ಎತ್ತರಿಸಿದರೂ, ಸಾಲಾಗಿ ಬೇವಿನ ಮರ ನೆಟ್ಟರೂ ಅದು ನಿಲ್ಲುವುದಿಲ್ಲ.

ಹಾಗೆಂದು ವಿಮಾನ ನಿಲ್ದಾಣ ಬಂದರೆ ಇಡೀ ತಾಲ್ಲೂಕಿಗೆ ನಿದ್ದೆ ಹೋಗುತ್ತದೆ ಎಂದುಕೊಳ್ಳಬೇಡಿ. ವಿಮಾನದ ಸದ್ದು ಸುತ್ತಲೂ ಸಮನಾಗಿ ಹರಡುವ ವೃತ್ತವಲ್ಲ. ಅದು ರನ್‌ವೇಯ ಎರಡು ತುದಿಗಳಿಂದ ಚಾಚಿಕೊಂಡ ಎರಡು ಉದ್ದ ನಾಲಿಗೆ. ರನ್‌ವೇಗೆ ಅಡ್ಡಲಾಗಿ ಮೂರು ಕಿಲೋಮೀಟರ್ ದೂರದ ಊರು ನೆಮ್ಮದಿಯಾಗಿರಬಹುದು. ಅದೇ ರನ್‌ವೇಯ ನೇರಕ್ಕೆ ಎಂಟು ಕಿಲೋಮೀಟರ್ ದೂರದ ಊರು ಪ್ರತಿ ವಿಮಾನವನ್ನೂ ಕೇಳುತ್ತದೆ. ಇಳಿಯುವ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಲೆಕ್ಕ ಹಾಕಿದರೆ, ನೆಲ ಮುಟ್ಟುವ ಜಾಗಕ್ಕಿಂತ ಐದು ಕಿಲೋಮೀಟರ್ ಮೊದಲು ಅದು ಸುಮಾರು 260 ಮೀಟರ್ ಎತ್ತರದಲ್ಲಿರುತ್ತದೆ, ಹತ್ತು ಕಿಲೋಮೀಟರ್ ಮೊದಲು ಸುಮಾರು 520 ಮೀಟರ್. ಚಕ್ರ ಇಳಿಬಿಟ್ಟು, ರೆಕ್ಕೆಯ ಪಟ್ಟಿಗಳನ್ನು ಚಾಚಿ ಬರುವ ವಿಮಾನದಲ್ಲಿ ಎಂಜಿನ್ನಿನ ಸದ್ದಿನ ಜೊತೆಗೆ ಗಾಳಿ ಸೀಳುವ ಸದ್ದೂ ಸೇರಿರುತ್ತದೆ. ಏರುವ ಜೆಟ್ ಇನ್ನೂ ಜೋರು, ಆದರೆ ಬೇಗ ಮೇಲೆ ಹೋಗಿಬಿಡುತ್ತದೆ.

ಹಾಗಾದರೆ ರನ್‌ವೇ ಯಾವ ದಿಕ್ಕಿಗೆ ಬಂದೀತು? ಇದನ್ನು ತಿಳಿಯಲು ಯಾವ ಕಚೇರಿಗೂ ಹೋಗಬೇಕಿಲ್ಲ. ಆಷಾಢದಲ್ಲಿ ಒಮ್ಮೆ ಚಿತ್ರದುರ್ಗದ ಕಡೆ ಹೋಗಿ, ಗುಡ್ಡದ ಸಾಲಿನ ಮೇಲೆ ನಿಂತ ಗಾಳಿಯಂತ್ರಗಳನ್ನು ನೋಡಿ. ಎಲ್ಲವೂ ಪಡುವಣ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವೆ. ಗಾಳಿಯಂತ್ರ ಗಾಳಿಗೆ ಎದುರಾಗಿ ನಿಲ್ಲುವ ಹಾಗೆಯೇ ವಿಮಾನವೂ ಗಾಳಿಗೆ ಎದುರಾಗಿಯೇ ಏರುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಚಳಿಗಾಲದ ಗಾಳಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಆದ್ದರಿಂದಲೇ ಬೆಂಗಳೂರಿನ ದೊಡ್ಡ ನಿಲ್ದಾಣದ ರನ್‌ವೇಗಳ ಅಂಕಿ 09–27, ಹುಬ್ಬಳ್ಳಿಯದು 08–26. ಆ ಅಂಕಿ ದಿಕ್ಸೂಚಿಯ ಡಿಗ್ರಿಯನ್ನು ಹತ್ತರಿಂದ ಭಾಗಿಸಿದ್ದು. 09 ಎಂದರೆ 90 ಡಿಗ್ರಿ, ನೇರ ಪೂರ್ವ. 27 ಎಂದರೆ 270, ನೇರ ಪಶ್ಚಿಮ. ದಾವಣಗೆರೆಯ ಸುತ್ತ ಎಲ್ಲೇ ರನ್‌ವೇ ಬಂದರೂ, ಭೂಮಿಯ ಆಕಾರ ಮತ್ತು ಗುಡ್ಡಗಳು ಬೇರೆ ಹೇಳದಿದ್ದರೆ, ಅದು ಹೆಚ್ಚು ಕಡಿಮೆ ಪೂರ್ವ–ಪಶ್ಚಿಮವಾಗಿಯೇ ಮಲಗುವ ಸಾಧ್ಯತೆ ಹೆಚ್ಚು. ಅದರ ಪೂರ್ವ ಮತ್ತು ಪಶ್ಚಿಮದ ಊರುಗಳು ಎಚ್ಚರದಿಂದಿರಬೇಕು. ಉತ್ತರ, ದಕ್ಷಿಣದ ಊರುಗಳಿಗೆ ಅಷ್ಟು ಭಯವಿಲ್ಲ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ, ನಿವೇಶನ ಕೊಳ್ಳುವವರು ಇದನ್ನು ಗಮನಿಸುವುದೇ ಇಲ್ಲ. ಮಳೆಗಾಲದಲ್ಲಿ ವಿಮಾನಗಳು ಪೂರ್ವದ ಊರುಗಳ ಮೇಲೆ ಇಳಿದು, ಪಶ್ಚಿಮದ ಊರುಗಳ ಮೇಲೆ ಏರುತ್ತವೆ. ಚಳಿಗಾಲದಲ್ಲಿ ಇದು ಅದಲುಬದಲಾಗುತ್ತದೆ. ಒಂದು ಋತುವಿನಲ್ಲಿ ಹೋಗಿ ನಿಂತು ‘ಅಷ್ಟೇನೂ ಸದ್ದಿಲ್ಲ’ ಎಂದುಕೊಂಡು ಬಂದವರು ಅರ್ಧ ವರ್ಷವನ್ನು ಮಾತ್ರ ಕೇಳಿರುತ್ತಾರೆ. ಮೇಲಾಗಿ ಚಳಿಗಾಲದ ನಸುಕಿನಲ್ಲಿ ನೆಲ ತಣ್ಣಗಾಗಿ, ಬೆಚ್ಚನೆಯ ಗಾಳಿಯ ಪದರ ಮೇಲೆ ನಿಂತು ಸದ್ದನ್ನು ಮತ್ತೆ ನೆಲಕ್ಕೇ ಬಾಗಿಸುತ್ತದೆ. ಧನುರ್ಮಾಸದ ಬೆಳಗಿನ ಜಾವ ಎರಡು ಊರಾಚೆಯ ಗುಡಿಯ ಧ್ವನಿವರ್ಧಕ ನಿಮ್ಮ ಅಂಗಳದಲ್ಲೇ ಹಾಡಿದಂತೆ ಕೇಳುವುದಿಲ್ಲವೇ? ವಿಮಾನದ ಸದ್ದೂ ಆ ಹೊತ್ತಿನಲ್ಲಿ ಹಾಗೆಯೇ ಹರಿದು ಬರುತ್ತದೆ.

ಈಗ ನಿಮ್ಮ ಮೂಲ ಪ್ರಶ್ನೆ, ದೂರಿನಿಂದ ಪ್ರಯೋಜನವಿದೆಯೇ ಎಂಬುದು. ಇದೆ. ಆದರೆ ಯಾವಾಗ ಕೊಡುತ್ತೀರಿ ಎಂಬುದರ ಮೇಲೆ ಅದರ ತೂಕ ನಿಲ್ಲುತ್ತದೆ. ರನ್‌ವೇ ಹಾಕಿದ ಮೇಲೆ ದಿಕ್ಕು ಬದಲಾಗದು. ಅದರ ನೇರಕ್ಕೆ ಮನೆ, ಶಾಲೆ, ಆಸ್ಪತ್ರೆ ಎದ್ದ ಮೇಲೆ ಅವನ್ನು ಎತ್ತಿ ಬೇರೆ ಕಡೆ ಇಡಲಾಗದು. ಆಮೇಲಿನ ದೂರುಗಳಿಂದ ಆಗುವುದು ಹಾರಾಟದ ಹೊತ್ತು ಬದಲಿಸುವುದು, ದಾರಿಯನ್ನು ಅಷ್ಟಿಷ್ಟು ಸರಿಸುವುದು, ಇಳಿದ ವಿಮಾನ ವೇಗ ತಗ್ಗಿಸಲು ಎಂಜಿನ್ ಒತ್ತಡವನ್ನು ಹಿಂದಕ್ಕೆ ತಿರುಗಿಸುವ ಅಬ್ಬರವನ್ನು ರಾತ್ರಿ ಕಡಿಮೆ ಮಾಡಿಸುವುದು. ಇವು ಸಣ್ಣ ಲಾಭಗಳಲ್ಲ. ಆದರೂ ನಿಮ್ಮ ಭಾವಮೈದುನನ ಹತ್ತಾರು ದೂರುಗಳಿಗಿಂತ, ನಿಮ್ಮ ಊರಿನ ಸುತ್ತ ಇನ್ನೂ ಗೆರೆ ಎಳೆಯದ ಈ ಹೊತ್ತಿನಲ್ಲಿ ನೀವು ಕೇಳುವ ಒಂದು ಪ್ರಶ್ನೆಗೆ ಹೆಚ್ಚು ಬಲವಿದೆ. ದಾವಣಗೆರೆಗೆ ವಿಮಾನ ನಿಲ್ದಾಣ ಬೇಕೆಂಬ ಮಾತು ವರ್ಷಗಳಿಂದ ನಡೆಯುತ್ತಿದೆ. ನಾನೂ ಅದರ ವಿರೋಧಿಯಲ್ಲ. ಪಕ್ಕದ ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ನಿಲ್ದಾಣ ಉದ್ಘಾಟನೆಯಾಗಿ, ಆಗಸ್ಟ್ ಕೊನೆಯಿಂದ ಬೆಂಗಳೂರಿನ ವಿಮಾನ ಬಂದು ಹೋಗತೊಡಗಿದ್ದನ್ನು ನೋಡಿದ ನಮ್ಮವರಿಗೆ ಆಸೆ ಹುಟ್ಟುವುದು ಸಹಜ. ಬರುವುದಾದರೆ ಗೆರೆ ಸರಿಯಾದ ಕಡೆ ಬರಲಿ, ಅದರ ಕೆಳಗೆ ಯಾರೂ ಮನೆ ಕಟ್ಟದಿರಲಿ ಎಂಬುದಷ್ಟೇ ನನ್ನ ಹಟ.

ಅದಕ್ಕೆ ಕಾನೂನಿನಲ್ಲಿ ಒಂದು ಬಾಗಿಲು ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಹೊಸ ವಿಮಾನ ನಿಲ್ದಾಣಕ್ಕೆ ಮೊದಲೇ ಪರಿಸರ ಅನುಮೋದನೆ ಬೇಕು. ಅದಕ್ಕಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ಆಲಿಕೆ ಸಭೆ ನಡೆಸುತ್ತದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಅಧ್ಯಯನ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು, ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಅದನ್ನು ಓದಲು ಇಟ್ಟಿರಬೇಕು. ಸಭೆಯಲ್ಲಿ ಆಡಿದ ಮಾತು ವಿಡಿಯೊದಲ್ಲಿ ದಾಖಲಾಗುತ್ತದೆ, ಜನ ಎತ್ತಿದ ವಿಷಯಗಳನ್ನು ಕನ್ನಡದಲ್ಲಿ ಬರೆದು ಅಲ್ಲೇ ಓದಿ ಹೇಳಬೇಕು. ನಾನು ಕಂಡ ಇಂಥ ಸಭೆಗಳಲ್ಲಿ ಭೂಮಿಯ ಬೆಲೆ, ಕೆಲಸ, ನೀರು, ಇವುಗಳ ಮೇಲೆ ಜೋರು ಚರ್ಚೆಯಾಗುತ್ತದೆ. ಅದು ಆಗಲೇಬೇಕು. ಆದರೆ ಶಬ್ದದ ಅಧ್ಯಾಯವನ್ನು ಯಾರೂ ತೆರೆಯುವುದಿಲ್ಲ. ಏಕೆಂದರೆ ಅಂದು ಆ ಹೊಲದ ಮೇಲೆ ಮೆಕ್ಕೆಜೋಳದ ಗರಿ ಅಲುಗುವ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ.

ಅಲ್ಲಿ ನೀವು ಏನು ಕೇಳಬೇಕು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲಿನದು: ಸರಾಸರಿ ಬೇಡ, ಎಣಿಕೆ ಕೊಡಿ ಎಂದು ಕೇಳಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1994ರಲ್ಲಿ ಹೊಸ ರನ್‌ವೇ ತೆರೆದಾಗ ಇದೇ ಆಗಿತ್ತು. ಸರಾಸರಿ ಸದ್ದು ಎಲ್ಲಿಯವರೆಗೆ ಹೆಚ್ಚು ಎಂದು ನಕ್ಷೆಯಲ್ಲಿ ಎಳೆದಿದ್ದ ಗೆರೆಯ ಹೊರಗಿದ್ದ ಜನ ತಮಗೆ ತೊಂದರೆಯಿಲ್ಲ ಎಂದು ನಂಬಿ ಕೂತಿದ್ದರು. ವಿಮಾನಗಳು ನೆತ್ತಿಯ ಮೇಲೆ ಹಾರತೊಡಗಿದಾಗ ಮೋಸ ಹೋದೆವು ಎಂದು ಸಿಟ್ಟಿಗೆದ್ದರು. ಆಮೇಲೆ ಅಲ್ಲಿಯ ಅಧಿಕಾರಿಗಳು ಒಂದು ಸರಳ ಅಳತೆಯನ್ನು ಬಳಕೆಗೆ ತಂದರು: ನಿಮ್ಮ ಮನೆಯ ಮೇಲೆ ದಿನಕ್ಕೆ ಎಷ್ಟು ಸಲ ಸದ್ದು 70 ಡೆಸಿಬೆಲ್ ದಾಟುತ್ತದೆ? ಹೊರಗೆ 70 ಎಂದರೆ ಕಿಟಕಿ ತೆರೆದ ಮನೆಯೊಳಗೆ ಸುಮಾರು 60. ಅಷ್ಟಾದರೆ ಮಾತು ನಿಲ್ಲುತ್ತದೆ, ಟೀಚರ್ ಕೈ ಎತ್ತಬೇಕಾಗುತ್ತದೆ. ‘ದಿನಕ್ಕೆ 14 ಸಲ, ರಾತ್ರಿ 2 ಸಲ’ ಎಂಬ ಮಾತು ಓದು ಬರದ ಅಜ್ಜನಿಗೂ ಅರ್ಥವಾಗುತ್ತದೆ. ‘ಸರಾಸರಿ 58’ ಎಂಬುದು ಎಂಜಿನಿಯರಿಗೂ ಅರ್ಧ ಮಾತ್ರ ಅರ್ಥವಾಗುತ್ತದೆ. ಊರೂರಿನ ಹೆಸರು ಹಿಡಿದು, ಶಾಲೆ ಶಾಲೆಯ ಹೆಸರು ಹಿಡಿದು ಈ ಎಣಿಕೆಯನ್ನು ಕೇಳಿ. ಇವತ್ತಿನ ಎಣಿಕೆಯಷ್ಟೇ ಅಲ್ಲ, ಇಪ್ಪತ್ತು ವರ್ಷದ ಮುಂದಿನದನ್ನೂ ಕೇಳಿ.

ಎರಡನೆಯದು ಹಾರಾಟ ತರಬೇತಿ. ಸಣ್ಣ ನಿಲ್ದಾಣಗಳಲ್ಲಿ ಪ್ರಯಾಣಿಕರ ವಿಮಾನ ದಿನಕ್ಕೆ ನಾಲ್ಕಾರು ಬಂದರೆ ಹೆಚ್ಚು, ಅವೂ ಬಹುಪಾಲು ಎರಡು ಪಂಖದ ಚಿಕ್ಕ ವಿಮಾನಗಳು. ಅವುಗಳ ಸದ್ದು ದೊಡ್ಡ ಜೆಟ್‌ಗಿಂತ ಕಡಿಮೆ. ಆದರೆ ಅಲ್ಲಿ ಪೈಲಟ್ ತರಬೇತಿ ಶಾಲೆ ಬಂದರೆ ಲೆಕ್ಕವೇ ಬೇರೆ. ಕಲಿಯುವವರು ಒಂದೇ ವಿಮಾನದಲ್ಲಿ ಏರಿ, ಸುತ್ತು ಹಾಕಿ, ನೆಲ ಮುಟ್ಟಿ, ಮತ್ತೆ ಏರುತ್ತಾರೆ. ಒಂದು ಬೆಳಿಗ್ಗೆ ಅದೇ ಊರಿನ ಮೇಲೆ ಹತ್ತಾರು ಸಲ ಹಾಗೆ ಸುತ್ತುತ್ತಾರೆ. ಪ್ರತಿ ಸಲದ ಸದ್ದು ಸಣ್ಣದೇ, ಆದರೆ ಮುಗಿಯುವುದೇ ಇಲ್ಲ. ವರದಿಯಲ್ಲಿ ಇದರ ಬಗ್ಗೆ ಒಂದು ಸಾಲಾದರೂ ಇದೆಯೇ ಎಂದು ನೋಡಿ.

ಮೂರನೆಯದು ರಾತ್ರಿ. ಸಣ್ಣ ನಿಲ್ದಾಣಗಳು ಹಗಲು ಹಾರಾಟದಿಂದಲೇ ಶುರುವಾಗುವುದು ರೂಢಿ, ರಾತ್ರಿ ಇಳಿಯುವ ದೀಪಗಳು ಆಮೇಲೆ ಬರುತ್ತವೆ. ದೀಪ ಹಾಕುವ ದಿನ ಊರಲ್ಲಿ ಸಂಭ್ರಮವಿರುತ್ತದೆ, ಶಬ್ದದ ಮಾತು ಯಾರ ಬಾಯಲ್ಲೂ ಇರುವುದಿಲ್ಲ. ಸಿಡ್ನಿಯಲ್ಲಿ 1995ರ ಕಾಯಿದೆಯ ಪ್ರಕಾರ ರಾತ್ರಿ 11ರಿಂದ ಬೆಳಗಿನ 6ರವರೆಗೆ ಹಾರಾಟಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿದೆ. ಫ್ರಾಂಕ್‌ಫರ್ಟ್‌ನಲ್ಲಿ 11ರಿಂದ 5ರವರೆಗೆ. ಜಪಾನಿನ ಒಸಾಕಾ ಇಟಾಮಿ ನಿಲ್ದಾಣ ರಾತ್ರಿ 9ಕ್ಕೆ ಬಾಗಿಲು ಹಾಕಿ ಬೆಳಿಗ್ಗೆ 7ಕ್ಕೆ ತೆರೆಯುತ್ತದೆ. ಅಲ್ಲಿಯ ನಿವಾಸಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ 1981ರಲ್ಲಿ ಪರಿಹಾರ ಪಡೆದವರು. ಇವೆಲ್ಲ ನಮ್ಮದಕ್ಕಿಂತ ಎಷ್ಟೋ ದೊಡ್ಡ ನಿಲ್ದಾಣಗಳು. ಅವರಿಗೆ ಸಾಧ್ಯವಾಗುವುದಾದರೆ ದಿನಕ್ಕೆ ನಾಲ್ಕು ವಿಮಾನ ಬರುವ ನಿಲ್ದಾಣಕ್ಕೆ ರಾತ್ರಿಯ ಮೌನವನ್ನು ಅನುಮೋದನೆಯ ಷರತ್ತಾಗಿ ಕೇಳುವುದು ಅತಿಯಾಸೆ ಅಲ್ಲವೇ ಅಲ್ಲ. ವಿಮಾನಗಳು ಹೆಚ್ಚಾದ ಮೇಲೆ ಅದನ್ನು ಕೇಳಿದರೆ ಯಾರೂ ಕೊಡುವುದಿಲ್ಲ.

ವಿದೇಶದ ಇನ್ನೊಂದು ಪದ್ಧತಿಯನ್ನು ಇಲ್ಲಿಗೆ ತರಲು ಹೊರಟರೆ ನಾನು ಒಪ್ಪುವುದಿಲ್ಲ. ಅಲ್ಲಿ ರನ್‌ವೇ ಪಕ್ಕದ ಮನೆಗಳಿಗೆ ಎರಡು ಪದರ ಗಾಜಿನ ಕಿಟಕಿ ಹಾಕಿಸಿಕೊಡುತ್ತಾರೆ. ಅದು ಮುಚ್ಚಿದ ಕಿಟಕಿಯ ದೇಶಕ್ಕೆ ಸರಿ. ಚೈತ್ರ, ವೈಶಾಖದಲ್ಲಿ ದಾವಣಗೆರೆಯವರು ಕಿಟಕಿ ಮುಚ್ಚಿ ಮಲಗುತ್ತಾರೆಯೇ? ಅರ್ಧ ಊರು ಮಾಳಿಗೆಯ ಮೇಲೆ, ಅಂಗಳದಲ್ಲಿ ಮಲಗಿರುತ್ತದೆ. ತಗಡಿನ ಮಾಡಿನ ಮನೆಗಂತೂ ಕಿಟಕಿ ಬದಲಿಸಿ ಪ್ರಯೋಜನವೇ ಇಲ್ಲ, ಸದ್ದು ಮಾಡಿನಿಂದಲೇ ಇಳಿಯುತ್ತದೆ. ಶಬ್ದವನ್ನು ತಡೆಯುವುದು ಭಾರ. ಆ ದೃಷ್ಟಿಯಿಂದ ನಮ್ಮ ಭಾಗದ ಹಳೆಯ ಮಣ್ಣಿನ ಮಾಳಿಗೆ ಮನೆಗೆ ಸಾಟಿಯಿಲ್ಲ. ಒಮ್ಮೆ ಅಂಥ ಮನೆಯೊಂದರಲ್ಲಿ ಮಾಪಕ ಹಿಡಿದು ನಿಂತಿದ್ದೆ. ಹೊರಗಿನ ಸದ್ದು ಒಳಗೆ ಅರೆಬರೆ ಗುಂಯ್‌ಗುಟ್ಟುತ್ತಿತ್ತು. ಗವಾಕ್ಷಿಯ ಕೆಳಗೆ ಬಂದು ನಿಂತ ಕೂಡಲೇ ಮುಳ್ಳು ಏರಿತು. ಮನೆಯ ಅಜ್ಜಿ ಗವಾಕ್ಷಿಗೆ ಮುಚ್ಚಳ ಸರಿಸಿದರು, ಮುಳ್ಳು ಇಳಿಯಿತು. ಅಂಗೈಯಗಲದ ಕಿಂಡಿ ಸಾಕು, ಅಷ್ಟು ದಪ್ಪ ಮಣ್ಣಿನ ಕೆಲಸವನ್ನೆಲ್ಲ ಕೆಡಿಸುತ್ತದೆ. ಹೊಸದಾಗಿ ಕಟ್ಟುವವರು ಕನಿಷ್ಠ ಮಲಗುವ ಒಂದು ಕೋಣೆಗಾದರೂ ದಪ್ಪ ಕಾಂಕ್ರೀಟ್ ತಾರಸಿ ಹಾಕಿಸಿ, ಕಿಟಕಿಯ ಸಂದುಗಳಿಗೆ ರಬ್ಬರ್ ಪಟ್ಟಿ ಹಚ್ಚಿಸಲಿ.

ನಿಲ್ದಾಣ ನಡೆಯತೊಡಗಿದ ಮೇಲಿನ ದೂರಿನ ಬಗ್ಗೆಯೂ ಹೇಳಿಬಿಡುತ್ತೇನೆ, ನಿಮ್ಮ ಭಾವಮೈದುನನಿಗೆ ಉಪಯೋಗವಾದೀತು. ಅಮೆರಿಕದ ವಾಷಿಂಗ್ಟನ್‌ನ ರೇಗನ್ ನಿಲ್ದಾಣಕ್ಕೆ 2015ರಲ್ಲಿ ಬಂದ ಶಬ್ದದ ದೂರುಗಳು 8,760. ಅವುಗಳಲ್ಲಿ 6,852 ಒಂದೇ ಮನೆಯಿಂದ ಬಂದವು. ಈ ಅಂಕಿ ಹೊರಬಿದ್ದ ಮೇಲೆ, ದೂರು ಎಂದರೆ ಒಬ್ಬಿಬ್ಬರ ಗೀಳು ಎಂದು ಹೇಳುವವರಿಗೆ ಒಳ್ಳೆಯ ಆಯುಧ ಸಿಕ್ಕಿತು. ಆ ಮನೆಯವರ ಸಂಕಟ ಸುಳ್ಳೆಂದು ನಾನು ಹೇಳಲಾರೆ. ಆದರೆ ಒಂದೇ ಕೈಯ ಸಾವಿರ ದೂರಿಗಿಂತ ಐವತ್ತು ಮನೆಗಳ ಐವತ್ತು ದೂರು ಭಾರ. ಇನ್ನೊಂದು ದಿಕ್ಕಿನಿಂದಲೂ ಈ ಅಂಕಿಯನ್ನು ಓದಬೇಕು. ದೂರು ಬರದ ಮನೆಗಳಲ್ಲಿ ತೊಂದರೆ ಇಲ್ಲವೆಂದಲ್ಲ. ನಮ್ಮ ಹಳ್ಳಿಗಳಲ್ಲಿ ಯಾರಿಗೆ ಬರೆಯಬೇಕು, ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದೇ ಗೊತ್ತಿಲ್ಲದೆ ಸುಮ್ಮನಿರುವವರು ಎಷ್ಟೋ ಜನ. ಆ ಮೌನವನ್ನು ಒಪ್ಪಿಗೆ ಎಂದು ದಾಖಲಿಸಿಕೊಳ್ಳುವುದನ್ನು ಕಂಡು ನನಗೆ ಸಂಕಟವಾಗಿದೆ.

ಆದ್ದರಿಂದ ಒಂದು ನೋಟ್‌ಬುಕ್ ಇಡಿ. ತಾರೀಖು, ಗಂಟೆ–ನಿಮಿಷ, ವಿಮಾನ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು, ಆಗ ಮನೆಯಲ್ಲಿ ಏನು ನಿಂತಿತು. ‘ತುಂಬಾ ಸದ್ದು’ ಎಂದು ಬರೆಯಬೇಡಿ, ‘2 ಗಂಟೆ 10 ನಿಮಿಷಕ್ಕೆ ಮಗು ಎದ್ದಿತು’ ಎಂದು ಬರೆಯಿರಿ. ವಿಮಾನದ ಜಾಡು ತೋರಿಸುವ ಮೊಬೈಲ್ ಆ್ಯಪ್‌ಗಳಲ್ಲಿ ಆ ಹೊತ್ತಿನ ವಿಮಾನದ ಹೆಸರು, ಎತ್ತರ ಸಿಗುತ್ತವೆ. ಮೊಬೈಲಿನ ಡೆಸಿಬೆಲ್ ಅಂಕಿಯನ್ನು ಕಾನೂನು ಒಪ್ಪುವುದಿಲ್ಲ, ಆದರೆ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ತಿಳಿಯಲು ಅದು ಸಾಕು. ಬೀದಿಯ ಹತ್ತು ಮನೆಯವರು ಒಂದೇ ತಿಂಗಳು ಹೀಗೆ ಬರೆದು, ನಿಲ್ದಾಣದ ನಿರ್ದೇಶಕರಿಗೆ ಕೊಟ್ಟು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಪ್ರತಿ ಕಳಿಸಲಿ, ಸ್ವೀಕೃತಿ ಪಡೆಯಲಿ. ‘ಮಿತಿಯೊಳಗಿದೆ’ ಎಂಬ ಉತ್ತರ ಮತ್ತೆ ಬಂದರೆ ಮಾಹಿತಿ ಹಕ್ಕಿನಲ್ಲಿ ಕೇಳಲಿ: ಅಳೆದದ್ದು ಎಲ್ಲಿ, ಯಾವ ದಿನ, ಆ ರಾತ್ರಿ ಅತಿ ಹೆಚ್ಚಿನ ಸದ್ದು ಎಷ್ಟು, ಎಷ್ಟು ಸಲ? ಮಾಪಕ ಇಟ್ಟ ಜಾಗ ರನ್‌ವೇಯ ಪಕ್ಕಕ್ಕಿದ್ದು, ಮನೆ ರನ್‌ವೇಯ ನೇರಕ್ಕಿದ್ದರೆ ದೂರಿಗೆ ಅಲ್ಲಿಂದ ಹೊಸ ಜೀವ ಬರುತ್ತದೆ. ಹಾರಾಟವನ್ನೇ ನಿಲ್ಲಿಸಿ ಎಂದು ಕೇಳುವುದಕ್ಕಿಂತ, ರಾತ್ರಿ ಎರಡರ ವಿಮಾನವನ್ನು ಬೆಳಗಿನ ಆರಕ್ಕೆ ಸರಿಸಿ ಎಂದು ಕೇಳಿ. ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಮಧ್ಯಾಹ್ನ ಮೂರಕ್ಕೆ ಇಳಿಯುವ ರನ್‌ವೇ ಬದಲಿಸುತ್ತಾರೆ. ಕೆಳಗಿನವರಿಗೆ ತಮ್ಮ ಅರ್ಧ ದಿನ ಯಾವುದು ಎಂದು ಮೊದಲೇ ಗೊತ್ತಿರುತ್ತದೆ. ಒಟ್ಟು ಸದ್ದು ಕಡಿಮೆಯಾಗದಿದ್ದರೂ, ಯಾವಾಗ ಬರುತ್ತದೆ ಎಂದು ಗೊತ್ತಿರುವ ಸದ್ದನ್ನು ಮನುಷ್ಯ ಸಹಿಸುತ್ತಾನೆ.

ಚಳ್ಳಕೆರೆ ಕಡೆಯ ಓದುಗರೂ ಆಗಾಗ ಬರೆಯುತ್ತಾರೆ. ಅಲ್ಲಿಯ ಕಾವಲಿನಲ್ಲಿ 2017ರಲ್ಲಿ ಉದ್ಘಾಟನೆಯಾದ ರಕ್ಷಣಾ ಸಂಶೋಧನೆಯ ಹಾರಾಟ ಪರೀಕ್ಷಾ ಕೇಂದ್ರವಿದೆ. ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆ ಅಲ್ಲಿ ನಡೆಯುತ್ತದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು ಇಳಿಸಿದ್ದು ಅಲ್ಲಿಯೇ. ಇದು ಪ್ರಯಾಣಿಕರ ನಿಲ್ದಾಣದಂತೆ ವೇಳಾಪಟ್ಟಿಯ ಸದ್ದಲ್ಲ. ದಿನಗಟ್ಟಲೆ ಏನೂ ಇಲ್ಲದೆ, ಒಂದು ದಿನ ಇದ್ದಕ್ಕಿದ್ದಂತೆ ಬರುತ್ತದೆ. ಅಮೃತಮಹಲ್ ದನ ಮೇಯುತ್ತಿದ್ದ ಆ ಬಯಲಿನಲ್ಲಿ ದನಕುರಿ ಕಾಯುವವರಿಗೆ ಬೇಕಾಗಿರುವುದು ಮುನ್ಸೂಚನೆ. ಪರೀಕ್ಷೆಯ ಹಿಂದಿನ ಸಂಜೆ ಗ್ರಾಮ ಪಂಚಾಯಿತಿಗಳಲ್ಲಿ ಡಂಗುರ ಸಾರಿಸುವ ವ್ಯವಸ್ಥೆಗೆ ಜಿಲ್ಲಾಧಿಕಾರಿಗಳ ಮೂಲಕ ಮನವಿ ಕೊಡುವುದು ದೂರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಡೆಗೆ ನಿಮ್ಮ ಮಗನ ನಿವೇಶನ. ಮುಂಗಡ ಈಗ ಬೇಡ. ಬಡಾವಣೆಯವರು ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ತೋರಿಸಿ ‘ಎಲ್ಲ ಒಪ್ಪಿಗೆ ಇದೆ’ ಎಂದರೂ ಬೇಡ. ಆ ಪತ್ರ ಕಟ್ಟಡದ ಎತ್ತರ ವಿಮಾನಕ್ಕೆ ಅಡ್ಡಿಯಾಗುವುದಿಲ್ಲ ಎಂದಷ್ಟೇ ಹೇಳುತ್ತದೆ, ವಿಮಾನ ನಿಮ್ಮ ನಿದ್ದೆಗೆ ಅಡ್ಡಿಯಾಗುವುದಿಲ್ಲ ಎಂದು ಹೇಳುವುದಿಲ್ಲ. ನಿವೇಶನದ ಸರ್ವೆ ನಂಬರ್ ಮೊದಲು ಕೈಗೆ ಪಡೆಯಿರಿ. ರನ್‌ವೇಯ ಜಾಗ ಅಧಿಕೃತವಾಗಿ ಪ್ರಕಟವಾದ ದಿನ, ಗ್ರಾಮ ನಕ್ಷೆಯ ಮೇಲೆ ಸ್ಕೇಲಿಟ್ಟು ರನ್‌ವೇಯ ಗೆರೆಯನ್ನು ಎರಡೂ ಕಡೆ ಹತ್ತು ಹತ್ತು ಕಿಲೋಮೀಟರ್ ಉದ್ದಕ್ಕೆ ಎಳೆಯಿರಿ. ನಿವೇಶನ ಆ ಗೆರೆಯ ಮೇಲೆ ಅಥವಾ ಅದರ ಆಚೀಚೆ ಒಂದೆರಡು ಕಿಲೋಮೀಟರ್ ಒಳಗೆ ಬಿದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿ ಸಿಕ್ಕರೂ. ಗೆರೆಗೆ ಅಡ್ಡಲಾಗಿ ನಾಲ್ಕೈದು ಕಿಲೋಮೀಟರ್ ದೂರವಿದ್ದರೆ ಶಬ್ದದ ಮಟ್ಟಿಗೆ ಧೈರ್ಯವಾಗಿ ಕೊಳ್ಳಬಹುದು. ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಈಗಲೇ ನಿಮ್ಮ ಗ್ರಾಮ ಪಂಚಾಯಿತಿಯಿಂದ ಒಂದು ಠರಾವು ಕಳಿಸಿ: ರನ್‌ವೇ ಜಾಗ ನಿಶ್ಚಯವಾದರೆ ಅದರ ನೇರಕ್ಕೆ ಶಾಲೆ, ಆಸ್ಪತ್ರೆ, ವಸತಿ ಬಡಾವಣೆಗೆ ಅನುಮತಿ ಬೇಡ, ಗೋದಾಮು, ಅಕ್ಕಿ ಗಿರಣಿ, ತೋಟ ಇರಲಿ. ಆಲಿಕೆ ಸಭೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನ ನನಗೆ ತಿಳಿಸಿ. ವರದಿಯಲ್ಲಿ ಶಬ್ದದ ಅಧ್ಯಾಯವನ್ನು ನಿಮ್ಮ ಊರಿನ ಶಾಲೆಯಲ್ಲೇ ಕೂತು ಒಟ್ಟಿಗೆ ಓದೋಣ.